ಬಚ್ಚಲ ಚಿಮಣಿಯಲ್ಲಿ ಕ್ರಿಸ್‌ಮಸ್ ತಾತ

ನಾನು ವೃತ್ತಿಯಿಂದ ಡ್ರಾಫ್ಟ್ಸ್‌ಮನ್. ಅಂದರೆ ಕಟ್ಟಡಗಳ ನಕ್ಷೆ ಬರೆಯುವವನು. ಗೋಡೆ ಎಷ್ಟು ದಪ್ಪ, ಕಿಟಕಿ ಎಷ್ಟು ಅಗಲ, ಮೆಟ್ಟಿಲು ಎಷ್ಟು ಎತ್ತರ ಎಂಬುದನ್ನೆಲ್ಲ ಕಾಗದದ ಮೇಲೆ ಕೂದಲೆಳೆಯಷ್ಟೂ ತಪ್ಪಿಲ್ಲದೆ ಬರೆಯಬಲ್ಲೆ. ಹೀಗಾಗಿ ಒಂಬತ್ತು ಇಂಚು ಅಗಲದ ಚಿಮಣಿಯಲ್ಲಿ ಎಂಟು ಇಂಚು ಅಗಲದ ಡಬ್ಬ ಸಲೀಸಾಗಿ ಇಳಿಯುತ್ತದೆ ಎಂದು ನಾನು ಹೇಳಿದಾಗ ಅದನ್ನು ಅನುಮಾನಿಸುವ ಹಕ್ಕು ಯಾರಿಗೂ ಇರಲಿಲ್ಲ. ನನ್ನ ಹೆಂಡತಿ ಸುಮಾ ಮಾತ್ರ ಅನುಮಾನಿಸಿದಳು.

"ರೀ, ನೀವು ಬರೆದಿರೋ ಮನೆಗಳಲ್ಲಿ ನೀವು ಯಾವತ್ತಾದ್ರೂ ವಾಸ ಮಾಡಿದೀರಾ?" ಅಂದಳು.

ಇದು ಅನವಶ್ಯಕವಾದ ಪ್ರಶ್ನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಜಯನಗರದ ಒಂದು ಹಳೇ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ನಾನು, ಸುಮಾ, ಒಂದನೇ ಕ್ಲಾಸಿನ ಮಗಳು ನಿಧಿ, ನಾಲ್ಕು ವರ್ಷದ ಮಗ ಚಿಂಟು, ಮತ್ತು ನಮ್ಮ ಅತ್ತೆ. ಅತ್ತೆ ಅಂದರೆ ಸುಮಾಳ ತಾಯಿ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಬಹಳ ಒಳ್ಳೆಯವರು. ಆದರೆ ಹಳೇ ಕಾಲದ ಮರ್ಯಾದೆಯವರಾದ್ದರಿಂದ ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ಕೂತಿದ್ದರೂ "ಸುಮಾ, ನಿಮ್ಮೋರಿಗೆ ಇನ್ನೊಂದು ಚಪಾತಿ ಬೇಕಾ ಕೇಳೇ" ಅನ್ನುತ್ತಿದ್ದರು. ನಾನೂ "ಸುಮಾ, ಸಾಕು ಅಂತ ಹೇಳು" ಅನ್ನುತ್ತಿದ್ದೆ. ಎಂಟು ವರ್ಷ ಹೀಗೇ ನಡೆದಿತ್ತು. ಸುಮಾ ಊರಿನಲ್ಲಿಲ್ಲದ ದಿನ ನಾವಿಬ್ಬರೂ ಗೋಡೆ ನೋಡಿಕೊಂಡು ಮಾತಾಡುತ್ತಿದ್ದೆವು.

ಡಿಸೆಂಬರ್ ಮೊದಲ ವಾರದ ಒಂದು ಸಂಜೆ ನಿಧಿ ಸ್ಕೂಲ್ ವ್ಯಾನಿನಿಂದ ಅಳುತ್ತಾ ಇಳಿದಳು. ಅವಳದ್ದು ಕಾನ್ವೆಂಟ್ ಸ್ಕೂಲು. ಅಲ್ಲಿ ಟೀಚರ್ ಕ್ರಿಸ್‌ಮಸ್ ತಾತನ ಕಥೆ ಹೇಳಿದ್ದರು. ಬಿಳೀ ಗಡ್ಡ, ಕೆಂಪು ಕೋಟು, ಬೆನ್ನ ಮೇಲೆ ಚೀಲ, ಒಳ್ಳೇ ಮಕ್ಕಳಿಗೆ ಉಡುಗೊರೆ. ಇಲ್ಲಿಯವರೆಗೆ ಎಲ್ಲಾ ಸರಿ. ಆದರೆ ವ್ಯಾನಿನಲ್ಲಿ ಪಕ್ಕ ಕೂರುವ ಹುಡುಗಿ ಒಂದು ಮಾತು ಹೇಳಿಬಿಟ್ಟಿದ್ದಳು.

"ಅಪ್ಪಾ, ತಾತ ನಮ್ಮನೆಗೆ ಬರಲ್ವಂತೆ. ಚರ್ಚಿಗೆ ಹೋಗೋರ ಮನೆಗೆ ಮಾತ್ರ ಬರೋದಂತೆ."

ಅವಳ ಮುಖ ನೋಡಲು ಆಗಲಿಲ್ಲ. ಏನೂ ತಪ್ಪು ಮಾಡದೆ ಇದ್ದರೂ ಲಿಸ್ಟಿನಿಂದ ಹೆಸರು ಹೊಡೆದುಹಾಕಿದ ಹಾಗೆ ನಿಂತಿದ್ದಳು. ಚಿಂಟುಗೆ ವಿಷಯ ಪೂರ್ತಿ ಅರ್ಥವಾಗದಿದ್ದರೂ ಅಕ್ಕ ಅಳುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಅವನೂ ಶುರು ಮಾಡಿದ.

ಪಕ್ಕದ ಮನೆಯ ಚೌರಪ್ಪನವರು ಕಾಂಪೌಂಡಿನಾಚೆ ತಮ್ಮ ಮನೆಯ ಮುಂದೆ ಬಿದಿರಿನ ಕಡ್ಡಿಯಲ್ಲಿ ನಕ್ಷತ್ರ ಕಟ್ಟುತ್ತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರಾದವರು. ತಲೆತಲಾಂತರದಿಂದ ಬೆಂಗಳೂರಿನಲ್ಲೇ ಇರುವ ಕ್ರಿಶ್ಚಿಯನ್ ಕುಟುಂಬ. ನನಗಿಂತ ಒಳ್ಳೇ ಕನ್ನಡ. ಅವರು ಗೋಡೆಯ ಮೇಲಿಂದ ಬಗ್ಗಿ, "ಯಾರಮ್ಮ ಹಂಗಂದಿದ್ದು? ತಾತ ಮನೆ ನೋಡ್ಕೊಂಡು ಬರಲ್ಲ, ಮಕ್ಕಳು ನೋಡ್ಕೊಂಡು ಬರ್ತಾರೆ" ಅಂದರು.

ನಿಧಿ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದಳು. "ನಿಜಾನಾ ಅಪ್ಪ? ಬರ್ತಾರಾ?"

ಆಗ ನಾನು ಸುಮ್ಮನೆ "ಹೂಂ" ಅಂದಿದ್ದರೆ ಸಾಕಿತ್ತು. ದಿಂಬಿನ ಪಕ್ಕ ಎರಡು ಗೊಂಬೆ ಇಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಬುದ್ಧಿವಂತರೆಲ್ಲ ಹಾಗೇ ಮಾಡುತ್ತಾರೆ. ಆದರೆ ನಾನು ಎದೆ ಉಬ್ಬಿಸಿ ಘೋಷಿಸಿದೆ: "ಬರೋದು ಏನು! ನಿಮ್ಮ ಕಣ್ಣೆದುರಿಗೇ ಬರ್ತಾರೆ!"

ಹಿಂದಿನಿಂದ ಸುಮಾ ನನ್ನ ಶರ್ಟು ಎಳೆದಳು. ತಡವಾಗಿತ್ತು.

ಮರುದಿನದಿಂದಲೇ ಮಕ್ಕಳು ತಾತನ ಆಗಮನದ ದಾರಿಯನ್ನು ಸರ್ವೇ ಮಾಡಲು ಹೊರಟರು. ಕಿಟಕಿಗಳಿಗೆಲ್ಲ ಗ್ರಿಲ್ ಇತ್ತು. ಮುಂಬಾಗಿಲಿಗೆ ಅತ್ತೆ ಎರಡು ಚಿಲಕ ಹಾಕುತ್ತಿದ್ದರು. ಟೀಚರ್ ಹೇಳಿದ ಪ್ರಕಾರ ತಾತ ಚಿಮಣಿಯಿಂದ ಇಳಿಯಬೇಕು. ಚಿಮಣಿ ಎಲ್ಲಿ? ಅಡಿಗೆ ಮನೆಯಲ್ಲಿ ಗ್ಯಾಸು. ಕೊನೆಗೆ ಚಿಂಟು ಬಚ್ಚಲ ಮನೆಯಿಂದ ಕೂಗಿದ. "ಸಿಕ್ತೂ!"

ಹೌದು. ನಮ್ಮ ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಹಂಡೆಯಿತ್ತು. ಅದರ ಒಲೆಯ ಹೊಗೆ ಗೋಡೆಯೊಳಗಿನ ಚಿಮಣಿಯಿಂದ ಟೆರೇಸಿಗೆ ಹೋಗುತ್ತಿತ್ತು. ಚಿಮಣಿಯ ಬುಡದಲ್ಲಿ ಮಸಿ ತೆಗೆಯಲು ಒಂದು ತಗಡಿನ ಪುಟ್ಟ ಬಾಗಿಲು. ನಿಧಿ ಆ ಬಾಗಿಲು ತೆಗೆದು, ಒಳಗೆ ತಲೆ ಹಾಕಿ, ಕಪ್ಪು ಮೂಗಿನೊಂದಿಗೆ ಹೊರಗೆ ಬಂದು ವರದಿ ಒಪ್ಪಿಸಿದಳು: "ಮೇಲೆ ಆಕಾಶ ಕಾಣತ್ತೆ ಅಪ್ಪ. ಆದ್ರೆ ತಾತ ದಪ್ಪ ಇದ್ರೆ?"

"ತಾತ ಬೇಕಾದಾಗ ಸಣ್ಣ ಆಗ್ತಾರೆ" ಅಂದೆ.

"ಅಪ್ಪ, ನೀನ್ಯಾಕೆ ಆಗಲ್ಲ ಮತ್ತೆ?" ಅಂದ ಚಿಂಟು.

ಸಮಯದ ಪ್ರಶ್ನೆಯನ್ನೂ ಬಗೆಹರಿಸಿದೆ. ತಾತ ರಾತ್ರಿ ಬರುವುದು ಫಾರಿನ್ನಿಗೆ. ಅಲ್ಲಿ ರಾತ್ರಿಯಾದಾಗ ಇಲ್ಲಿ ಬೆಳಿಗ್ಗೆ. ಹಾಗಾಗಿ ಜಯನಗರಕ್ಕೆ ತಲುಪುವಾಗ ಬೆಳಿಗ್ಗೆ ಹತ್ತೂವರೆ. ಈ ಭೂಗೋಳ ಜ್ಞಾನಕ್ಕೆ ನಾನೇ ತಲೆದೂಗಿದೆ.

ಮಕ್ಕಳು ತಾತನಿಗೆ ಕಾಗದ ಬರೆದರು. ಅಂದರೆ ನಿಧಿ ಬರೆದಳು, ಚಿಂಟು ಕೆಳಗೆ ಲಾರಿಯ ಚಿತ್ರ ಬಿಡಿಸಿದ. "ತಾತ, ನನಗೆ ಅಡಿಗೆ ಸೆಟ್ಟು. ಚಿಂಟುಗೆ ಲಾರಿ. ಅಜ್ಜಿಗೆ ಮಂಡಿ ನೋವಿನ ಎಣ್ಣೆ. ಅಜ್ಜಿ ರಾತ್ರಿ ಅಮ್ಮಾ ಅಮ್ಮಾ ಅಂತಾರೆ." ಪೋಸ್ಟ್ ಮಾಡುತ್ತೇನೆಂದು ಕಾಗದವನ್ನು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಅತ್ತೆಗೆ ಮಂಡಿ ನೋವು ಅಷ್ಟಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಾವು ಮಾತಾಡುತ್ತಿದ್ದುದು ಚಪಾತಿಯ ವಿಷಯ ಮಾತ್ರ.

ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿಗೆ ಹೋಗಿ ತಗಡಿನ ಅಡಿಗೆ ಸೆಟ್ಟು, ಹಳದಿ ಲಾರಿ, ಒಂದು ಬಾಟಲಿ ಕೆಂಪನೆಯ ಆಯುರ್ವೇದದ ಎಣ್ಣೆ ತಂದೆ. ಮೂರನ್ನೂ ಒಂದು ರಟ್ಟಿನ ಡಬ್ಬದಲ್ಲಿಟ್ಟು, ಕೆಂಪು ಕಾಗದ ಸುತ್ತಿ, ಆಫೀಸಿನ ಡ್ರಾಯರಿನಲ್ಲಿ ಬಚ್ಚಿಟ್ಟೆ. ಚಿಮಣಿಯ ನಕ್ಷೆ ಬರೆದೆ. ಅಡ್ಡ ಸೀಳಿದ ನೋಟ, ಉದ್ದ ಸೀಳಿದ ನೋಟ, ಎರಡೂ! ನನ್ನ ಯೋಜನೆ ಇಷ್ಟು: ನಾನು ಟೆರೇಸಿನಿಂದ ಹಗ್ಗದಲ್ಲಿ ಡಬ್ಬ ಇಳಿಸಬೇಕು. ಕೆಳಗೆ ಮಕ್ಕಳು ತಗಡಿನ ಬಾಗಿಲು ತೆಗೆದಾಗ ಅದು ಪ್ರತ್ಯಕ್ಷವಾಗಬೇಕು. ತಾತ ಕಾಣುವುದಿಲ್ಲ, ಆದರೆ ಬಂದದ್ದು ನಿಜ!

ಇಷ್ಟರಲ್ಲಿ ಒಂದು ತೊಡಕು ಎದುರಾಯಿತು. ಅದು ಧನುರ್ಮಾಸ. ಅತ್ತೆ ದಿನಾ ಮುಂಜಾನೆ ಎದ್ದು, ಹಂಡೆಗೆ ಉರಿ ಹಾಕಿ, ಬಿಸಿನೀರು ಸ್ನಾನ ಮಾಡಿ, ಪೂಜೆ ಮುಗಿಸಿ ಹುಗ್ಗಿ ಮಾಡುತ್ತಿದ್ದರು. ಇಪ್ಪತ್ತನಾಲ್ಕನೇ ತಾರೀಕು ಸಂಜೆ ಚಿಂಟು ಒಲೆಯ ಮುಂದೆ ಎರಡೂ ಕೈ ಚಾಚಿ ಧರಣಿ ಕೂತ.

"ಉರಿ ಹಾಕ್ಬೇಡಿ ಅಜ್ಜಿ! ತಾತನ ಕಾಲು ಸುಟ್ಟೋಗತ್ತೆ!"

ಅತ್ತೆ ಸುಮಾಳ ಕಡೆ ತಿರುಗಿದರು. "ನಿಮ್ಮೋರಿಗೆ ಹೇಳೇ, ಇದೆಲ್ಲ ಎಲ್ಲಿಗೆ ಹೋಗಿ ಮುಟ್ಟತ್ತೋ ಅಂತ."

"ಸುಮಾ, ಒಂದೇ ಒಂದು ದಿನ ಅಂತ ಹೇಳು" ಅಂದೆ ನಾನು.

ಅತ್ತೆ ಚಿಂಟುವನ್ನು ನೋಡಿದರು. ಒಳಗೆ ಹೋದರು. ಮರುದಿನ ಮುಂಜಾನೆ ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು, ಜೊತೆಗೆ ದೇವರ ನಾಮ, ಎರಡೂ ಗಡಗಡ ನಡುಗುತ್ತಾ ಕೇಳಿಸಿದವು. ಡಿಸೆಂಬರಿನ ಬೆಂಗಳೂರಿನಲ್ಲಿ ತಣ್ಣೀರು ಸ್ನಾನ! ಒಲೆ ಮುಟ್ಟಿರಲೇ ಇಲ್ಲ. ಹೊದಿಕೆಯೊಳಗೆ ಬೆಚ್ಚಗೆ ಮಲಗಿದ್ದ ನನಗೆ ನಾಚಿಕೆಯಾಯಿತು. ಆದರೂ ಹೊದಿಕೆ ಬಿಟ್ಟು ಏಳಲಿಲ್ಲ.

ಹತ್ತೂವರೆಗೆ ಸರಿಯಾಗಿ ಕಾರ್ಯಾಚರಣೆ ಆರಂಭವಾಯಿತು. ಪೇಪರ್ ತರುತ್ತೇನೆಂದು ಹೇಳಿ ಮನೆಯಿಂದ ಹೊರಬಿದ್ದು, ಹಿಂದಿನ ಮೆಟ್ಟಿಲಿನಿಂದ ಬೆಕ್ಕಿನ ಹಾಗೆ ಟೆರೇಸ್ ಹತ್ತಿದೆ. ಚಿಮಣಿಯ ಬಾಯಿಯನ್ನು ಅರ್ಧ ಮುಚ್ಚಿದ್ದ ಚಪ್ಪಡಿ ಸರಿಸಿದೆ. ಹಿಂದಿನ ರಾತ್ರಿಯೇ ಆಫೀಸಿನಿಂದ ತಂದು ಟ್ಯಾಂಕಿನ ಹಿಂದೆ ಬಚ್ಚಿಟ್ಟಿದ್ದ ಡಬ್ಬಕ್ಕೆ ಸುಮಾ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಕಟ್ಟಿದೆ. ಸೊಗಸಿಗೆ ಇರಲಿ ಎಂದು ನಿಧಿ ಮಗುವಾಗಿದ್ದಾಗಿನ ಕಾಲ್ಗೆಜ್ಜೆಯನ್ನೂ ಕಟ್ಟಿದೆ. ಸುಮಾ ಕೆಳಗೆ ಮಕ್ಕಳ ಜೊತೆ ಬಚ್ಚಲಲ್ಲಿರಬೇಕು. ಎಲ್ಲ ಸಿದ್ಧವಾದಾಗ ಸೌಟಿನಿಂದ ಹಂಡೆಗೆ ಒಂದು ಸಲ ಬಾರಿಸಬೇಕು. ಒಂದು ಏಟು ಅಂದರೆ ಇಳಿಸು. ಎರಡು ಏಟು ಅಂದರೆ ನಿಲ್ಲಿಸು.

ಢಣ್! ಕೇಳಿಸಿತು. ಇಳಿಸಿದೆ. ಘಲ್ ಘಲ್ ಘಲ್. ಕೆಳಗಿನಿಂದ ಮಕ್ಕಳ ಕೇಕೆ. "ಬಂದ್ರು! ತಾತ ಬಂದ್ರು!"

ನನ್ನ ಜೀವನದ ಅತ್ಯಂತ ಸುಖದ ಕ್ಷಣ ಅದು. ಸುಮಾರು ನಾಲ್ಕು ಸೆಕೆಂಡು ಇತ್ತು.

ಆಮೇಲೆ ಡಬ್ಬ ನಿಂತಿತು.

ನಕ್ಷೆಯ ಪ್ರಕಾರ ಚಿಮಣಿ ಒಂಬತ್ತು ಇಂಚು. ಆದರೆ ಇಪ್ಪತ್ತು ವರ್ಷದಿಂದ ಅದರ ಗೋಡೆಗೆ ಮೆತ್ತಿಕೊಂಡಿದ್ದ ಮಸಿಯನ್ನು ನಾನು ನಕ್ಷೆಯಲ್ಲಿ ಸೇರಿಸಿರಲಿಲ್ಲ. ಹಗ್ಗ ಅಲ್ಲಾಡಿಸಿದೆ. ಘಲ್. ಎಳೆದೆ. ಘಲ್ ಘಲ್. ಮೇಲಕ್ಕೂ ಬರಲಿಲ್ಲ. ಕೆಳಗೆ ಢಣ್ ಢಣ್ ಎಂದಿತು. ನಿಲ್ಲಿಸಿದೆ. ಢಣ್ ಎಂದಿತು. ಮತ್ತೆ ಇಳಿಸಲು ನೋಡಿದೆ. ಆಮೇಲೆ ಢಣ್ ಢಣ್ ಢಣ್ ಢಣ್ ಢಣ್! ಅದಕ್ಕೆ ನಮ್ಮ ಒಪ್ಪಂದದಲ್ಲಿ ಅರ್ಥವೇ ಇರಲಿಲ್ಲ. ಚಿಂಟುವಿಗೆ ಇನ್ನೊಂದು ಸೌಟು ಸಿಕ್ಕಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

"ಅಮ್ಮಾ, ತಾತ ಯಾಕೆ ಬರ್ತಿಲ್ಲ?" ಚಿಮಣಿಯಿಂದ ನಿಧಿಯ ಸ್ವರ ಸ್ಪಷ್ಟವಾಗಿ ಕೇಳುತ್ತಿತ್ತು.

"ಬರ್ತಾರೆ ಇರು ಪುಟ್ಟಿ."

"ಸಿಕ್ಕಾಕೊಂಡಿದಾರೆ! ಒದ್ದಾಡ್ತಿದಾರೆ! ಕೇಳಿಸ್ತಿದೆ ನೋಡು!"

ನಾನು ಗಾಬರಿಯಲ್ಲಿ ಹಗ್ಗ ಎಳೆದಷ್ಟೂ ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ಎಳೆಯದೆ ಸುಮ್ಮನಿದ್ದರೆ, "ಅಮ್ಮಾ, ತಾತ ಈಗ ಅಲ್ಲಾಡ್ತಾನೂ ಇಲ್ಲ!" ಎಂಬ ಅಳು. ಎರಡೂ ಕಷ್ಟ.

ಟೆರೇಸಿನ ಮೂಲೆಯಲ್ಲಿ ನುಗ್ಗೆಕಾಯಿ ಕೀಳುವ ದೋಟಿ ಇತ್ತು. ತುದಿಯಲ್ಲಿ ಕೊಕ್ಕೆಯಿರುವ ಉದ್ದನೆಯ ಬಿದಿರು. ಅದನ್ನು ಚಿಮಣಿಯೊಳಗೆ ಇಳಿಸಿ, ಒಂದು ಲೆಕ್ಕಾಚಾರದ ಏಟು ಕೊಟ್ಟೆ. ಒಳಗೆ ಫಳ್ ಎಂದು ಏನೋ ಒಡೆಯಿತು. ದೋಟಿಯನ್ನು ಹಿಂದಕ್ಕೆ ಎಳೆದೆ. ಬರಲಿಲ್ಲ. ಕೊಕ್ಕೆ ಎಲ್ಲೋ ಸಿಕ್ಕಿಕೊಂಡಿತ್ತು. ಈಗ ಚಿಮಣಿಯಲ್ಲಿ ಡಬ್ಬ ಒಂದೇ ಅಲ್ಲ, ದೋಟಿಯೂ ಸಿಕ್ಕಿಹಾಕಿಕೊಂಡಿತ್ತು!

ಕೆಳಗಿನಿಂದ ಚಿಂಟುವಿನ ಚೀತ್ಕಾರ.

"ರಕ್ತಾ!"

ಒಡೆದದ್ದು ಎಣ್ಣೆ ಬಾಟಲಿ. ಕೆಂಪನೆಯ ಎಣ್ಣೆ ಚಿಮಣಿಯಿಂದ ತೊಟ್ಟು ತೊಟ್ಟಾಗಿ ತಗಡಿನ ಬಾಗಿಲ ಮುಂದೆ ಬೀಳುತ್ತಿತ್ತು. ಸುಮಾ ಹಿಡಿಯುವಷ್ಟರಲ್ಲಿ ಚಿಂಟು ಬೀದಿಗೆ ಓಡಿದ್ದ. ನಡು ರಸ್ತೆಯಲ್ಲಿ ನಿಂತು ಇಡೀ ಬ್ಲಾಕಿಗೆ ಕೇಳುವ ಹಾಗೆ ಕೂಗಿದ.

"ನಮ್ಮನೆ ಬಚ್ಚಲಲ್ಲಿ ತಾತ ಸಾಯ್ತಿದಾರೇ!"

ರಜಾ ದಿನ. ಎಲ್ಲರೂ ಮನೆಯಲ್ಲಿದ್ದರು. ನಮ್ಮ ಮನೆಗೆ ಯಾವ ತಾತ ಯಾವಾಗ ಬಂದರು ಎಂದು ಯೋಚಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಎದುರು ಮನೆಯ ರಿಟೈರ್ಡ್ ಹೆಡ್ಮಾಸ್ಟರು ಕುರ್ಚಿ ಎತ್ತಿಕೊಂಡು ಓಡಿ ಬಂದರು. ಅವರ ಹೆಂಡತಿ ಗ್ಲೂಕೋಸ್ ತಂದರು. ಯಾರೋ ಆಟೋ ನಿಲ್ಲಿಸಿದರು. ಆಟೋದವನೂ ಇಳಿದು ಬಂದ. ನಾನು ಟೆರೇಸಿನ ಮೇಲೆ ದೋಟಿ ಹಿಡಿದುಕೊಂಡು ಮೊಣಕೈವರೆಗೆ ಮಸಿಯಾಗಿ, ತಲೆಯೆತ್ತಿದ ಯಾರಿಗಾದರೂ ಕಾಣುವ ಹಾಗೆ ನಿಂತಿದ್ದೆ. ಮಕ್ಕಳಿಬ್ಬರೂ ಮನೆಗೆ ಬೆನ್ನು ಹಾಕಿದ್ದರು, ಅಷ್ಟೇ ಪುಣ್ಯ.

ಎಲ್ಲರಿಗಿಂತ ಮೊದಲು ನನ್ನನ್ನು ನೋಡಿದವರು ಚೌರಪ್ಪನವರು. ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬಂದು, ಹೊಸಾ ಸೂಟಿನಲ್ಲಿ, ಮನೆ ತುಂಬಾ ನೆಂಟರನ್ನು ಬಿಟ್ಟು ಬಂದಿದ್ದರು. ನಾನು ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ಕೈ ಮುಗಿದೆ. ಅವರು ನನ್ನನ್ನು, ದೋಟಿಯನ್ನು, ಚಿಮಣಿಯನ್ನು ಒಂದು ಸಲ ನೋಡಿದರು. ಮೂವತ್ತು ವರ್ಷ ಕೆಟ್ಟ ಬಸ್ಸುಗಳನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಕಿರಲಿಲ್ಲ. ಗುಂಪಿನ ಕಡೆ ತಿರುಗಿ ಗಂಭೀರವಾಗಿ ಹೇಳಿದರು:

"ಯಾರೂ ಗಾಬರಿ ಆಗ್ಬೇಡಿ. ಕ್ರಿಸ್‌ಮಸ್ ತಾತ ಚಿಮಣೀಲಿ ಸಿಕ್ಕಾಕೊಂಡವ್ರೆ. ಅಷ್ಟೇ."

ಈಗ ನಗು ಏಳುತ್ತದೆ, ಎಲ್ಲ ಮುಗಿಯಿತು ಎಂದುಕೊಂಡೆ. ನಿಧಿ ಗೇಟಿನ ಹತ್ತಿರ ಕಣ್ಣೀರು ಸುರಿಸುತ್ತಾ ನಿಂತಿದ್ದಳು. ಎಲ್ಲರೂ ಅವಳನ್ನು ನೋಡಿದರು. ಒಬ್ಬರೂ ನಗಲಿಲ್ಲ! ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಸ್ಕೂಟರ್ ನಿಲ್ಲಿಸುವ ಜಾಗದ ಬಗ್ಗೆ ನನ್ನ ಜೊತೆ ದಿನಾ ಜಗಳವಾಡುತ್ತಿದ್ದ ಹೆಡ್ಮಾಸ್ಟರು ಅವಳ ಮುಂದೆ ಬಗ್ಗಿ, "ತಾತನಿಗೆ ಸಕ್ಕರೆ ಕಾಯಿಲೆ ಏನಾದ್ರೂ ಇದೆಯೇನಮ್ಮ? ಗ್ಲೂಕೋಸ್ ಕೊಡಬಹುದಾ?" ಎಂದು ಕೇಳಿದರು. ಆಟೋದವನು, "ಆಸ್ಪತ್ರೆಗೆ ಹೋಗ್ಬೇಕಂದ್ರೆ ಗಾಡಿ ರೆಡಿ ಐತೆ ಪಾಪ" ಅಂದ.

ಚೌರಪ್ಪನವರು ಹಿಂದಿನ ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಬಚ್ಚಲಲ್ಲಿ ಬೇರೆಯೇ ಒಂದು ಘಟನೆ ನಡೆಯುತ್ತಿತ್ತು. ಸದ್ದು ಕೇಳಿ ಅತ್ತೆ ದೇವರ ಮನೆಯಿಂದ ಎದ್ದು ಬಂದಿದ್ದರು. ಮಕ್ಕಳು ಅವರ ಸೀರೆ ಹಿಡಿದುಕೊಂಡು "ಅಜ್ಜೀ, ರಕ್ತ" ಎಂದು ತೋರಿಸಿದರು. ಅತ್ತೆ ಬಗ್ಗಿ, ಒಂದು ತೊಟ್ಟನ್ನು ಬೆರಳಿಗೆ ತೆಗೆದುಕೊಂಡು, ಮೂಸಿ ನೋಡಿದರು ಎಂದು ಸುಮಾ ಆಮೇಲೆ ಹೇಳಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಗಡಿನ ಬಾಗಿಲಿಗೆ ಮುಖ ಕೊಟ್ಟು, ಮೇಲಕ್ಕೆ ಕೂಗಿದರು.

"ಏನ್ರೀ? ಯಾರು ಬಂದಿರೋದು?"

ಎಂಟು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನನ್ನು ಮಾತಾಡಿಸುತ್ತಿದ್ದರು! ಪಕ್ಕದಲ್ಲಿ ಚೌರಪ್ಪನವರು ಮೊಣಕೈಯಲ್ಲಿ ತಿವಿದರು. "ಮಾತಾಡಿ ಶ್ರೀಕಂಠ ಅವ್ರೇ, ಪಾಪ ಕಾಯ್ತಾವ್ರೆ."

ಗಂಟಲು ದಪ್ಪ ಮಾಡಿಕೊಂಡು ಚಿಮಣಿಯೊಳಗೆ ಹೇಳಿದೆ. "ನಾನಮ್ಮಾ. ಕ್ರಿಸ್‌ಮಸ್ ತಾತ."

"ಅಜ್ಜೀ! ತಾತಂಗೆ ಕನ್ನಡ ಬರತ್ತೆ!" ಚಿಂಟು ಕಿರುಚಿದ.

"ಪೆಟ್ಟಾಗಿದೆಯಾ?" ಅತ್ತೆ ಕೇಳಿದರು.

"ಇಲ್ಲಮ್ಮಾ."

"ಮತ್ತೆ ಈ ಕೆಂಪಗಿರೋದು?"

"ಅದು ಮಂಡಿ ನೋವಿನ ಎಣ್ಣೆ. ನಿಮಗೇ ತಂದಿದ್ದು. ಬಾಟ್ಲಿ ಒಡೆದುಹೋಯ್ತು."

ಮಸಿ ಮೂಗಿಗೆ ಹೋಗಿ ನನಗೆ ಕೆಮ್ಮು ಬಂತು.

"ತಾತ ಅಪ್ಪನ ಥರಾನೇ ಕೆಮ್ಮತಾರೆ" ಅಂದಳು ನಿಧಿ. ಅವಳು ಮತ್ತೆ ಒಳಗೆ ಓಡಿ ಬಂದಿದ್ದಳು.

"ಚಳೀಲಿ ಗಂಡಸರೆಲ್ಲ ಹೀಗೇ ಕೆಮ್ಮೋದು" ಅಂದಳು ಸುಮಾ. ಅವಳ ಸಮಯಪ್ರಜ್ಞೆಗೆ ಅಲ್ಲೇ ಕೈ ಮುಗಿದೆ.

ಅತ್ತೆಯ ಸ್ವರ ಮತ್ತೆ ಬಂತು. ಸ್ವಲ್ಪ ಮೆತ್ತಗಾಗಿತ್ತು. "ನನಗ್ಯಾಕೆ ತರೋಕೆ ಹೋದ್ರಿ?"

"ನಿಧಿ ಕಾಗದದಲ್ಲಿ ಬರೆದಿದ್ಲಮ್ಮ. ಮೊದಲೇ ಗೊತ್ತಾಗ್ಬೇಕಿತ್ತು ನನಗೆ. ಗೊತ್ತಾಗ್ಲಿಲ್ಲ." ಆ ಕತ್ತಲ ತೂತಿಗೆ ಮುಖ ಹಾಕಿಕೊಂಡು ಮಾತಾಡುವುದು ಅಷ್ಟು ಸುಲಭವಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. "ಬೆಳಿಗ್ಗೆ ನನ್ನಿಂದ ನಿಮಗೆ ತಣ್ಣೀರು ಸ್ನಾನ ಆಯ್ತು. ತಪ್ಪಾಯ್ತಮ್ಮ."

"ಇರಲಿ ಬಿಡಿ. ಮಕ್ಕಳಿಗೋಸ್ಕರ ಅಷ್ಟು ಮೇಲೆ ಹತ್ತಿದೀರಿ. ನಾನು ಎರಡು ಚೊಂಬು ತಣ್ಣೀರು ಹಾಕ್ಕೊಂಡ್ರೆ ಏನಾಯ್ತು?" ಅಂದರು ಅತ್ತೆ. ಆಮೇಲೆ ತಡೆದು, "ತಿಂಡಿ ತಿಂದ್ರಾ?" ಎಂದು ಕೇಳಿದರು.

"ಇಲ್ಲಮ್ಮಾ" ಅಂದೆ. ನಿಜವಾಗಿಯೂ ತಿಂದಿರಲಿಲ್ಲ.

"ಹುಗ್ಗಿ ಇಟ್ಟಿರ್ತೀನಿ. ಹುಷಾರಾಗಿ ಇಳೀರಿ."

ಚೌರಪ್ಪನವರು ಕೋಟು ಬಿಚ್ಚಿ ನೀರಿನ ಟ್ಯಾಂಕಿನ ಮೇಲೆ ಹಾಕಿದರು. ಹೊಸಾ ಬಿಳೀ ಶರ್ಟಿನ ತೋಳು ಮಡಚಿದರು. "ಸೈಲೆನ್ಸರ್ ಕಟ್ಕೊಂಡಂಗೆ ಇದು. ಹಿಂದಕ್ಕೆ ಎಳೀಬಾರ್ದು. ಮುಂದಕ್ಕೇ ತಳ್ಳಬೇಕು" ಎಂದು ವೈದ್ಯರ ಹಾಗೆ ಹೇಳಿದರು. ದೋಟಿಯನ್ನು ಅರ್ಧ ಸುತ್ತು ತಿರುಗಿಸಿದರು. ನಾನು ಕಾಲು ಗಂಟೆ ಎಳೆದರೂ ಬಾರದ್ದು ತಾನಾಗೇ ಬಂತು! ಆಮೇಲೆ ಎರಡು ಇಟ್ಟಿಗೆಗೆ ಗೋಣಿಚೀಲ ಸುತ್ತಿ, ಡಬ್ಬದ ಹಗ್ಗದ ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿ, ಕೆಳಗೆ ಕೂಗಿದರು. "ಎಲ್ಲಾರೂ ಹಿಂದೆ ಸರೀರಿ! ತಾತ ಈಗ ಚೀಲ ಬಿಡ್ತಾರೆ!"

"ತಾತನ ಸ್ವರ ಬದಲಾಯ್ತು" ಅಂದಳು ನಿಧಿ.

"ಬಿಡುಗಡೆ ಆಯ್ತಲ್ಲ ಪುಟ್ಟಿ. ಗಂಟಲು ಬಿಟ್ಟಿದೆ" ಅಂದರು ಅತ್ತೆ!

ಇಟ್ಟಿಗೆ ಇಳಿಸಿ ಎರಡು ಸಲ ಕುಟ್ಟಿದರು. ಮೂರನೇ ಸಲಕ್ಕೆ ಚಿಮಣಿಯಲ್ಲಿ ಗುಡುಗಿದ ಹಾಗಾಯಿತು. ಇಪ್ಪತ್ತು ವರ್ಷದ ಮಸಿಯನ್ನೂ ಕರೆದುಕೊಂಡು ಡಬ್ಬ ಕೆಳಗೆ ಹೋಯಿತು. ಬಚ್ಚಲ ಕಿಟಕಿಯಿಂದ ಕಪ್ಪು ಮೋಡವೊಂದು ಹೊರಬಂತು. ಅದರ ಹಿಂದೆ ಕೆಮ್ಮು. ಕೆಮ್ಮಿನ ಹಿಂದೆ, ನಾನು ಕಿವಿಯಿಟ್ಟು ಕಾಯುತ್ತಿದ್ದ ಸದ್ದು.

"ಲಾರೀ! ನನ್ ಲಾರೀ!"

ಚೌರಪ್ಪನವರು ಚಿಮಣಿಗೆ ಬಗ್ಗಿ, "ಹೋಗ್ಬರ್ತೀನಿ ಮಕ್ಕಳೇ! ಈ ಮನೆ ದಾರಿ ನನಗೆ ಚೆನ್ನಾಗಿ ಗೊತ್ತಾಯ್ತು!" ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರ ಕೈಯೂ ಕಪ್ಪು. ಶರ್ಟಿನ ಮೇಲೆ ಎಣ್ಣೆ. "ನಿಮ್ಮ ಹಬ್ಬದ ದಿನ..." ಎಂದು ಶುರು ಮಾಡಿದೆ. "ಅಯ್ಯೋ ಬಿಡಿ ಸಾರ್, ಹಬ್ಬ ಅಂದ್ರೆ ಇನ್ನೇನು ಮತ್ತೆ?" ಎಂದು ಹೇಳಿ, ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹಿಂದಿನ ಮೆಟ್ಟಿಲಿಳಿದು ನೆಂಟರ ಹತ್ತಿರ ಹೋದರು.

ಲಾರಿಗೆ ಮುಂದಿನ ಒಂದು ಚಕ್ರ ಇರಲಿಲ್ಲ. ಅಡಿಗೆ ಸೆಟ್ಟಿನ ಪಾತ್ರೆಗಳೆಲ್ಲ ನೆಗ್ಗಿದ್ದವು, ಎಣ್ಣೆಯಲ್ಲಿ ಮಿಂದಿದ್ದವು. ಅಂಗಡಿಯಿಂದ ಹಾಗೆ ತಂದುಕೊಟ್ಟಿದ್ದರೆ ಇಬ್ಬರೂ ಉರುಳಾಡಿ ಅಳುತ್ತಿದ್ದರು. ಆದರೆ ಇದು ತಾತ ಪ್ರಾಣ ಪಣಕ್ಕಿಟ್ಟು ತಂದದ್ದು! ನಿಧಿ ಪ್ರತಿಯೊಂದು ನೆಗ್ಗನ್ನೂ ಬೆರಳಿನಿಂದ ಸವರಿ, "ನೋಡಮ್ಮ, ಇಲ್ಲಿ ತಾತನ ಮೊಣಕಾಲು ತಗುಲಿದೆ" ಎಂದು ತೋರಿಸುತ್ತಿದ್ದಳು. ಗುಂಪು ಬಚ್ಚಲ ಬಾಗಿಲಲ್ಲಿ ಸರದಿ ನಿಂತು ಲಾರಿ ನೋಡಿತು. ಹೆಡ್ಮಾಸ್ಟರು, "ಮೂರು ಚಕ್ರದ ಲಾರಿ ಫಾರಿನ್ನಿನಲ್ಲಿ ಮಾತ್ರ ಸಿಗೋದು" ಎಂದು ದೃಢೀಕರಿಸಿದರು.

ಇಂಥ ಜನರ ನಡುವೆ ಬದುಕುತ್ತಿದ್ದೇನೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲಿಳಿದೆ. ಅದು ಆ ದಿನದ ಇನ್ನೊಂದು ತಪ್ಪು. ಮಸಿಗೈಯಲ್ಲಿ ಕಣ್ಣೊರೆಸಿಕೊಂಡರೆ ಮುಖ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಮಕ್ಕಳು ನನ್ನನ್ನು ನೋಡಿ ದಂಗಾದರು.

"ಅಪ್ಪಾ! ನೀನೆಲ್ಲಿದ್ದೆ? ತಾತ ಸಿಕ್ಕಾಕೊಂಡಿದ್ರು! ಎಲ್ಲರೂ ಬಂದ್ರು, ನೀನು ಮಾತ್ರ ಇರ್ಲಿಲ್ಲ!" ನಿಧಿಯ ಕಣ್ಣು ಕಿರಿದಾಯಿತು. "ನಿನ್ನ ಮುಖ ಯಾಕೆ ಕಪ್ಪಗಿದೆ?"

ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ನಿಂತಿತು. ಇಷ್ಟೆಲ್ಲ ಮಾಡಿದ ಮೇಲೆ ಕೊನೇ ಕ್ಷಣದಲ್ಲಿ ಎಲ್ಲಾ ನೀರುಪಾಲಾಗುವುದರಲ್ಲಿತ್ತು. ಆಗ ಸುಮಾ ಮುಂದೆ ಬಂದಳು.

"ಅಪ್ಪ ಪೇಪರ್ ತಂದು ಟೆರೇಸಲ್ಲಿ ಓದ್ತಿದ್ರು ಪುಟ್ಟಿ. ಸದ್ದು ಕೇಳಿ ಹೆದರಿಕೊಂಡು ಟ್ಯಾಂಕಿನ ಹಿಂದೆ ಬಚ್ಚಿಟ್ಕೊಂಡಿದ್ರು. ಚಿಮಣಿ ಹೊಗೆ ಎಲ್ಲಾ ಅಲ್ಲಿಗೇ ಹೋಗೋದಲ್ವಾ, ಅದಕ್ಕೆ ಮಸಿ."

ಗುಂಪು ತಲೆದೂಗಿತು. ಚಿಂಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಹತ್ತಿರ ಬಂದು ಬೆನ್ನು ತಟ್ಟಿ, "ಹೋದ್ರು ಅಪ್ಪ. ಇನ್ನು ಹೆದರ್ಕೋಬೇಡ" ಅಂದ.

ಹೇಳುವುದೇನಿದೆ? ಒಪ್ಪಿಕೊಂಡೆ.

ಒಳಗೆ ಅತ್ತೆ ಮಸಿ ಮೆತ್ತಿದ ಸೀರೆಯಲ್ಲೇ ತಟ್ಟೆ ಹಾಕಿದ್ದರು. ಸುಮಾ ಪಕ್ಕದಲ್ಲೇ ನಿಂತಿದ್ದರೂ ನನ್ನ ಮುಖ ನೋಡಿ ಹೇಳಿದರು. "ಕೂತ್ಕೊಳ್ಳಿ. ಹುಗ್ಗಿ ಆರಿಹೋಗತ್ತೆ." ಅಂದಿನಿಂದ ಅವರು ನನ್ನ ಜೊತೆ ನೇರವಾಗಿ ಮಾತಾಡಲು ಶುರು ಮಾಡಿದರು. ಎಂಟು ವರ್ಷ ಸುಮಾಳ ಮೂಲಕ ಹೇಳಲಾಗದೆ ಉಳಿದಿದ್ದ ನನ್ನ ತಪ್ಪುಗಳನ್ನೆಲ್ಲ ಮುಂದಿನ ಆರು ತಿಂಗಳಲ್ಲಿ ಹೇಳಿ ಮುಗಿಸಿದರು. ಹೊಸಾ ಬಾಟಲಿ ಎಣ್ಣೆ ನಾನೇ ತಂದುಕೊಟ್ಟೆ, ಮುಂಬಾಗಿಲಿನಿಂದಲೇ.

ರಜೆ ಮುಗಿದ ಮೇಲೆ ನಿಧಿ ವ್ಯಾನಿನಲ್ಲಿ ಎಲ್ಲರಿಗೂ ವಿಷಯ ಹೇಳಿದಳು. ನಮ್ಮನೆಗೆ ತಾತ ಬಂದಿದ್ದರು, ನಮ್ಮಜ್ಜಿ ಜೊತೆ ಕನ್ನಡದಲ್ಲಿ ಮಾತಾಡಿದರು, ಅಪ್ಪ ಬಚ್ಚಿಟ್ಟುಕೊಂಡಿದ್ದರು. ಕ್ಲಾಸಿನಲ್ಲೂ ಹೇಳಿದಳು. ಆ ಸಲದ ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ನನ್ನ ಹತ್ತಿರ ಬಂದು ಮೆಲ್ಲಗೆ, "ಧೈರ್ಯವಾಗಿರಿ ಸಾರ್, ಕೆಲವರಿಗೆ ಹಾಗಾಗತ್ತೆ" ಅಂದರು.

ಐದು ವರ್ಷವಾದ ಮೇಲೆ ಒಂದು ದಿನ ನಿಧಿ ನನ್ನ ಪಕ್ಕ ಬಂದು ಕೂತು, ದನಿ ತಗ್ಗಿಸಿ ಹೇಳಿದಳು. "ಅಪ್ಪಾ, ಚಿಮಣೀಲಿ ಇದ್ದಿದ್ದು ನೀನೇ ಅಂತ ನನಗೆ ಗೊತ್ತು." ಕೈ ಹಿಡಿದುಕೊಂಡು, "ಥ್ಯಾಂಕ್ಸ್ ಅಪ್ಪ" ಅಂದಳು.

ನನಗೆ ಆದ ಸಂತೋಷ ಹೇಳತೀರದು. ಕೊನೆಗೂ ನನ್ನ ಕಳಂಕ ತೊಳೆಯುವ ಕಾಲ ಬಂತು! "ಹಾಗಾದ್ರೆ ಚಿಂಟುಗೂ ಹೇಳಿಬಿಡೋಣ ಪುಟ್ಟಿ. ನಾನು ಹೆದರಿಕೊಂಡು ಬಚ್ಚಿಟ್ಕೊಂಡಿರ್ಲಿಲ್ಲ ಅಂತ."

ಅವಳು ಗಾಬರಿಯಾಗಿ ತಲೆಯಾಡಿಸಿದಳು. "ಬೇಡ ಬೇಡ! ಅವನಿನ್ನೂ ಚಿಕ್ಕೋನು, ನಂಬಿಕೊಂಡಿದಾನೆ. ಇನ್ನೊಂದೆರಡು ವರ್ಷ ನೀನು ಹೀಗೇ ಪುಕ್ಕಲನಾಗೇ ಇರಪ್ಪ, ಪ್ಲೀಸ್."

ಇದ್ದೆ. ಇನ್ನೂ ಇದ್ದೇನೆ. ಚಿಂಟು ಈಗ ಹೈಸ್ಕೂಲು, ತುಟಿಯ ಮೇಲೆ ಮೀಸೆ ಚಿಗುರುತ್ತಿದೆ. ಕ್ರಿಸ್‌ಮಸ್ ತಾತನನ್ನು ನಂಬುವುದನ್ನು ಅವನು ಯಾವಾಗ ಬಿಟ್ಟನೋ ನನ್ನ ಗಮನಕ್ಕೆ ಬರಲಿಲ್ಲ. ನನ್ನ ಪುಕ್ಕಲುತನವನ್ನು ನಂಬುವುದನ್ನು ಮಾತ್ರ ಬಿಟ್ಟಿಲ್ಲ. ಮೊನ್ನೆ ಸಂಜೆ ಗುಡುಗು ಶುರುವಾಯಿತು. ಒಣಹಾಕಿದ್ದ ಬಟ್ಟೆ ತರಲು ನಾನು ಟೆರೇಸಿಗೆ ಹೊರಟಿದ್ದೆ. ಅವನು ಓದುತ್ತಿದ್ದ ಪುಸ್ತಕ ಮಡಚಿಟ್ಟು ಓಡಿ ಬಂದ.

"ಇರಪ್ಪ, ಒಬ್ನೇ ಹೋಗ್ಬೇಡ. ನಾನೂ ಬರ್ತೀನಿ."

ನಾನು ಮೆಟ್ಟಿಲ ಮೇಲೆ ನಿಂತು, ಅವನು ಚಪ್ಪಲಿ ಹಾಕಿಕೊಳ್ಳುವವರೆಗೆ, ಹೆದರಿದವನ ಹಾಗೆ ಕಾದೆ.